ಸಹಾಯ ಬೇಕು: ಮೂಲ ತಿಳಿಯದ ಕ್ಯಾನ್ಸರ್‌ನಲ್ಲಿ ಆಯುಷ್ಯದ ಅಂದಾಜು ಹೇಗೆ?

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನವರ ಯಕೃತ್ತಿನಲ್ಲಿ ಗಡ್ಡೆಗಳು ಕಂಡುಬಂದು, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ (ಗ್ರಂಥಿಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಎಂದು ಖಚಿತವಾಗಿದೆ, ಆದರೆ ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಲ್ಲ ಮುಗಿದರೂ ರೋಗ ಮೊದಲು ಹುಟ್ಟಿದ ಅಂಗ ಯಾವುದೆಂದು ಗೊತ್ತಾಗಿಲ್ಲ.

ಇಂಥವರ ಮುಂದಿನ ಸ್ಥಿತಿಯನ್ನು ಅಂದಾಜಿಸಲು 2002ರಲ್ಲಿ ಫ್ರಾನ್ಸಿನ ವೈದ್ಯರು ರೂಪಿಸಿದ ಮಾದರಿಯೊಂದು ಎರಡೇ ಸಂಗತಿಗಳನ್ನು ನೋಡುತ್ತದೆ: ರೋಗಿಯ ದೈನಂದಿನ ಚಟುವಟಿಕೆಯ ಶಕ್ತಿ ಮತ್ತು ರಕ್ತದಲ್ಲಿನ ಎಲ್‌ಡಿಎಚ್ ಎಂಬ ಕಿಣ್ವದ ಪ್ರಮಾಣ. ಎರಡೂ ಚೆನ್ನಾಗಿದ್ದವರಲ್ಲಿ ಅರ್ಧದಷ್ಟು ಜನ ಸುಮಾರು 12 ತಿಂಗಳು ದಾಟುತ್ತಾರೆ. ಉಳಿದವರಲ್ಲಿ ಆ ಅವಧಿ ಸುಮಾರು 4 ತಿಂಗಳು. ದೊಡ್ಡಪ್ಪ ತಾವೇ ಸ್ನಾನ ಮಾಡುತ್ತಾರೆ, ಕೋಲೂರಿಕೊಂಡು ತೋಟದ ದಣಪೆಯವರೆಗೆ ಹೋಗಿ ಬರುತ್ತಾರೆ. ಎಲ್‌ಡಿಎಚ್ ಮಾತ್ರ ಮಿತಿಗಿಂತ ತುಸು ಮೇಲಿದೆ. ಅಷ್ಟಕ್ಕೇ ಅವರನ್ನು ಎರಡನೆಯ ಗುಂಪಿಗೆ ಸೇರಿಸಬೇಕೇ? ಈ ಅಂಕಿಗಳು ಗುಂಪಿನ ಲೆಕ್ಕವೇ ಹೊರತು ಒಬ್ಬರ ಆಯುಷ್ಯವಲ್ಲ ಎಂಬುದು ನನ್ನ ನಂಬಿಕೆ.

ಇಮ್ಯುನೊಹಿಸ್ಟೊಕೆಮಿಸ್ಟ್ರಿಯಲ್ಲಿ (ಗಡ್ಡೆಯ ಚೂರಿನ ಜೀವಕೋಶಗಳಲ್ಲಿರುವ ಪ್ರೋಟೀನ್‌ಗಳನ್ನು ಗುರುತಿಸುವ ಪರೀಕ್ಷೆ) ಕರುಳಿನ ಕ್ಯಾನ್ಸರನ್ನು ಹೋಲುವ ಲಕ್ಷಣ ಸಿಕ್ಕರೆ ಅದಕ್ಕೆ ತಕ್ಕ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಿದೆ ಎಂದು ಓದಿದ್ದೇನೆ. ಬಯಾಪ್ಸಿಯ ಬ್ಲಾಕನ್ನು (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ಚೂರು) ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಒಯ್ದು ಮರುಪರೀಕ್ಷೆ ಮಾಡಿಸಿದವರು ಕ್ರಮವನ್ನು ದಯವಿಟ್ಟು ತಿಳಿಸಿ. ಶಿವಮೊಗ್ಗದ ಸುತ್ತ ಮನೆಗೇ ಬಂದು ನೋವು ಶಮನದ ಆರೈಕೆ ನೀಡುವವರಿದ್ದರೆ ಅದನ್ನೂ ಹೇಳಿ.

ಈ ಸಲದ ಅಡಿಕೆಯ ಕೊನೆಕೊಯ್ಲಿಗೆ ತಾವಿರುತ್ತೇವೆಯೇ ಎಂದು ದೊಡ್ಡಪ್ಪ ನೇರವಾಗಿಯೇ ಕೇಳುತ್ತಿದ್ದಾರೆ. ಸುಳ್ಳು ಹೇಳದೆ, ಧೈರ್ಯಗೆಡಿಸದೆ ಉತ್ತರಿಸುವುದು ಹೇಗೆಂದು ಗುಂಪಿನಲ್ಲಿರುವ ವೈದ್ಯರು ತಿಳಿಸಬೇಕೆಂದು ಕೋರುತ್ತೇನೆ. ನಾಟಿ ಔಷಧಿಯ ಸಲಹೆಗಳು ಸದ್ಯಕ್ಕೆ ಬೇಡ.