ಮೇ ತಿಂಗಳ ಮಿಷನ್ ಸಿಬ್ಬಂದಿ ತರಬೇತಿಗೆ ಏನೇನು ಇಡೋಣ?

ಕೌಲ್‌ಬಜಾರ್ ಸಿಸ್ಟರ್ (ಬಳ್ಳಾರಿ):
ಎಲ್ಲರಿಗೂ ವಂದನೆ. ನಮ್ಮ ಮಿಷನ್‌ನಲ್ಲಿ ಪ್ರತಿ ಮೇ ತಿಂಗಳು ಸಿಬ್ಬಂದಿಗೆ ತರಬೇತಿ ಇರುತ್ತದೆ. ಉಪದೇಶಕರು, ಮನೆಮನೆಗೆ ಹೋಗಿ ಬೈಬಲ್ ಹೇಳಿಕೊಡೋ ಬೈಬಲ್ ವುಮನ್‌ಗಳು, ಹಾಸ್ಟೆಲ್ ವಾರ್ಡನ್‌ಗಳು ಎಲ್ಲರೂ ಬರುತ್ತಾರೆ. ಈ ಸಲ ಅದು ನನ್ನ ತಲೆ ಮೇಲೆ ಬಿದ್ದಿದೆ. ಹಳೇ ಫೈಲ್ ತೆಗೆದು ನೋಡಿದೆ. ಚರ್ಚಿನಲ್ಲಿ ಹೇಳೋ ಪ್ರಸಂಗ ಹೇಗೆ ತಯಾರಿಸಬೇಕು, ಮನೆ ಭೇಟಿ ಹೇಗೆ, ವರದಿ ಹೇಗೆ, ಅಷ್ಟೇ. ಮನೆ ಭೇಟಿಯ ಪಾಠದಲ್ಲಿ ದೀಪ ಹಚ್ಚೋ ಹೊತ್ತಿಗೆ ಹೋದರೆ ಎಲ್ಲರೂ ಸಿಗುತ್ತಾರೆ ಅಂತ ಬರೆದಿದೆ. ಈಗ ಯಾರು ಸಿಗುತ್ತಾರೆ ಹೇಳಿ? ನಮ್ಮ ಕಡೆ ಹೆಣ್ಣುಮಕ್ಕಳು ರಾತ್ರಿವರೆಗೂ ಜೀನ್ಸ್ ಹೊಲಿಯುತ್ತಾರೆ. ಪೀಸ್ ಲೆಕ್ಕದ ಕೂಲಿ. ನಮ್ಮ ಜೊತೆ ಮಾತಿಗೆ ಕೂತರೆ ಅಷ್ಟು ದುಡ್ಡು ಹೋಯ್ತು. ಹಳ್ಳಿಗೆ ಹೋದರೆ ಬಾಗಿಲಿಗೆ ಬೀಗ, ಜನ ಗುಳೆ ಹೋಗಿದ್ದಾರೆ. ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸಕ್ಕೆ ಬಂದ ಒಡಿಶಾ, ಜಾರ್ಖಂಡ್ ಹುಡುಗರು. ಅವರಲ್ಲಿ ಕ್ರೈಸ್ತರೂ ಇದ್ದಾರೆ. ನಮ್ಮ ಕನ್ನಡ ಆರಾಧನೆಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಸುಮ್ನೆ ಎದ್ದು ಹೋಗುತ್ತಾರೆ.

ಇದಕ್ಕೆಲ್ಲ ನಮ್ಮವರನ್ನು ಹೇಗೆ ತಯಾರು ಮಾಡೋದು? ಮಾಡಿ ನೋಡಿದವರು ಹೇಳಿ. ಪವರ್‌ಪಾಯಿಂಟ್ ಮಾತ್ರ ಕಳಿಸಬೇಡಿ, ದಯವಿಟ್ಟು.

ಸಿಂಧನೂರು ಪಾಸ್ಟರ್:
ಸಿಸ್ಟರ್, ತರಗತಿ ಕಡಿಮೆ ಮಾಡಿ, ಜನರ ನಡುವೆ ಕಳಿಸಿ. ನಾವು ಇಬ್ಬಿಬ್ಬರನ್ನು ಜೋಡಿ ಮಾಡಿ, ರಾತ್ರಿ ಬೆಂಗಳೂರು ಬಸ್ ಹೊರಡೋ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಕಳಿಸಿದೆವು. ಕರಪತ್ರ ಬೇಡ, ಪ್ರಾರ್ಥನೆ ಬೇಡ, ಬರೀ ಕೇಳಿಸಿಕೊಳ್ಳಿ ಅಂದೆವು. ಮಕ್ಕಳನ್ನು ಯಾರ ಹತ್ತಿರ ಬಿಟ್ಟಿರಿ, ಅಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ, ರೇಷನ್ ಏನು ಮಾಡುತ್ತೀರಿ, ಇಂಥವೇ ಪ್ರಶ್ನೆ. ಊರಿನ ಕಾರ್ಡಿನಲ್ಲೇ ಬೆಂಗಳೂರಿನ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು ಅನ್ನೋದು ನಮ್ಮ ಉಪದೇಶಕರಿಗೇ ಗೊತ್ತಿರಲಿಲ್ಲ! ಅದನ್ನು ತಿಳಿದುಕೊಂಡು ಜನಕ್ಕೆ ಹೇಳಿದ ಮೇಲೆ, ಊರಲ್ಲಿ ಉಳಿದ ಅಜ್ಜಿಯರು ತಾವಾಗೇ ಮಾತಾಡಿಸೋಕೆ ಶುರು ಮಾಡಿದರು. ಮೊಮ್ಮಕ್ಕಳ ಹೋಂವರ್ಕ್ ಅವರಿಗೆ ತಿಳಿಯಲ್ಲ. ಈಗ ಸಂಜೆ ಟ್ಯೂಷನ್ ನಡೀತಿದೆ.

ಕೊಪ್ಪಳ ವಾರ್ಡನ್:
ಅಕ್ಕಾ, ವಾರ್ಡನ್‌ಗಳಿಗೆ ಅರ್ಧ ದಿನ ಪೋಕ್ಸೋ ಇಡಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಕಾಯ್ದೆ ಅದು. ಮಗುವಿನ ಮೇಲೆ ಅಂಥ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಮಿಷನ್ ಮರ್ಯಾದೆ ಹೋಗುತ್ತೆ, ಒಳಗೇ ಸರಿಮಾಡೋಣ ಅನ್ನೋ ಹಿರಿಯರು ಇರುತ್ತಾರಲ್ಲ, ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಮಕ್ಕಳ ಸಹಾಯವಾಣಿ 1098 ನಂಬರ್ ಮಕ್ಕಳಿಗೆ ಕಾಣೋ ಜಾಗದಲ್ಲಿ ಬರೆಸಿ, ಆಫೀಸ್ ಒಳಗೆ ಅಲ್ಲ.

ನಿವೃತ್ತ ಮೇಷ್ಟ್ರು, ಬಳ್ಳಾರಿ:
ಪಾಸ್ಟರ್ ಹೇಳಿದ್ದು ಸರಿ. ಆದರೆ ಗುರುತು ಪರಿಚಯ ಇಲ್ಲದವರು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳ ಬಗ್ಗೆ ಕೇಳಿದರೆ ಜನ ಸುಮ್ಮನಿರಲ್ಲ. ಕಾಲ ಹಾಗಿದೆ. ಮೊದಲು ಯಾರು, ಎಲ್ಲಿಂದ ಬಂದವರು ಅಂತ ಹೇಳಲಿ. ಕೊರಳಲ್ಲಿ ಐಡಿ ಕಾರ್ಡ್ ಇರಲಿ.

ಇನ್ನು ತೋರಣಗಲ್ಲಿನ ಹುಡುಗರ ವಿಷಯ. ಅವರ ಜೊತೆ ಮಾತಾಡೋಕೆ ಹಿಂದಿ ನಾವ್ಯಾಕೆ ಕಲೀಬೇಕು ಅಂತ ನಿಮ್ಮವರು ಗೊಣಗಬಹುದು. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. ಜೊತೆಗಿದ್ದ ರೀವ್ ಕನ್ನಡ ನಿಘಂಟನ್ನೇ ಮಾಡಿದರು, 1832ರಲ್ಲಿ ಅಚ್ಚಾಯಿತು. ನಮಗೆ ‘ಊಟ ಆಯ್ತಾ’ ಅಂತ ಹಿಂದಿಯಲ್ಲಿ ಕೇಳೋಕೂ ಆಗಲ್ವಾ?

ಕೌಲ್‌ಬಜಾರ್ ಸಿಸ್ಟರ್:
ಥ್ಯಾಂಕ್ಸ್ ಎಲ್ಲರಿಗೂ. ಪೋಕ್ಸೋ ಮೊದಲ ದಿನವೇ ಇಡುತ್ತೇನೆ. ಬಸ್‌ಸ್ಟ್ಯಾಂಡಿಗೆ ಐಡಿ ಕಾರ್ಡ್ ಹಾಕಿಸಿಯೇ ಕಳಿಸುತ್ತೇನೆ, ಮೇಷ್ಟ್ರೇ. ಜೀನ್ಸ್ ಹೊಲಿಯೋರನ್ನು ಯಾವ ಹೊತ್ತಿಗೆ ಕಾಣೋದು ಅನ್ನೋದು ಮಾತ್ರ ಬಗೆಹರಿದಿಲ್ಲ. ಆರ್ಡರ್ ಇದ್ದರೆ ಭಾನುವಾರವೂ ಬಿಡುವಿಲ್ಲ ಅವರಿಗೆ. ಹಿಂದಿ ಪಾಠಕ್ಕೆ ಆ ಹಿಂದಿನ ಬೆಂಚಿನ ಹುಡುಗರನ್ನೇ ಕರೆಸೋಣ ಅಂತಿದ್ದೇನೆ. ಒಂದು ಶಿಫ್ಟ್ ಬಿಟ್ಟು ಬರಬೇಕಾಗುತ್ತದೆ, ಪುಕ್ಕಟೆ ಕರೆಯೋಕಾಗಲ್ಲ. ಒಂದು ದಿನಕ್ಕೆ ಎಷ್ಟು ಕೊಟ್ಟರೆ ಸರಿ?