ಮನೆಗೆ ಹೇಳ್ತೀವಿ ಅಂತ ಪೊಲೀಸರು ಹೆದರಿಸಿದರೆ? ವಕೀಲರನ್ನು ಕೇಳಿ

ಹೆಸರು ಬೇಡ: ಮೇಡಂ, ನನಗೆ 19. ರಾತ್ರಿ ಗೆಳೆಯನ ಜೊತೆ ಕಾರಲ್ಲಿ ಕೂತಿದ್ದೆ. ಬೀಟ್ ಪೊಲೀಸರು ಫೋನ್ ಕಸಿದು ಚಾಟ್ ಓದಿದರು. ಕೇಸ್ ಹಾಕಲಿಲ್ಲ. ‘ನೀನು ಗೇ ಅಂತ ಅಪ್ಪನಿಗೆ ನೀನೇ ಹೇಳು, ಇಲ್ಲಾಂದ್ರೆ ನಾವು ಹೇಳ್ತೀವಿ’ ಅಂದರು.

ವಕೀಲೆ: ಈಗ ಒಬ್ಬನೇ ಇದ್ದೀಯಾ? ನಂಬಿಕೆಯವರು ಯಾರನ್ನಾದರೂ ಜೊತೆಗೆ ಕರೆದುಕೋ. ಮನಸ್ಸು ತೀರಾ ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಸುಮ್ನೆ ಹೇಳ್ತಿಲ್ಲ. 1997ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮೈನರ್ಸ್‌ವಿಲ್ ಅನ್ನೋ ಸಣ್ಣ ಊರಲ್ಲಿ ಹೀಗೇ ಆಯಿತು. ನಿಲ್ಲಿಸಿದ್ದ ಕಾರು, 18ರ ಹುಡುಗ, ‘ತಾತನಿಗೆ ಹೇಳ್ತೀವಿ’ ಅಂದ ಪೊಲೀಸರು. ಹುಡುಗ ಜೀವ ಕಳೆದುಕೊಂಡ. ತಾಯಿ ಕೋರ್ಟಿಗೆ ಹೋದರು. ಹೇಳಿರಲೇಬೇಕು ಅಂತಿಲ್ಲ, ಹೇಳ್ತೀವಿ ಅಂತ ಬೆದರಿಸಿದರೂ ಖಾಸಗಿತನದ ಹಕ್ಕು ಮುರಿದಂತೆ ಅಂತ ಅಲ್ಲಿನ ಮೇಲ್ಮನವಿ ಕೋರ್ಟ್ 2000ದಲ್ಲಿ ಹೇಳಿತು.

ಆ ತೀರ್ಪು ನಮ್ಮ ಪೊಲೀಸರಿಗೆ ಅನ್ವಯಿಸಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂದ ನಮ್ಮ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಅನ್ವಯಿಸುತ್ತೆ. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ. ಲೈಂಗಿಕ ಒಲವು ಖಾಸಗಿತನದ ಭಾಗ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ಬಂಧಿಸಿದರೆ ನೀನು ಹೇಳಿದವರಿಗೆ ತಿಳಿಸಬೇಕು, ನಿಜ. ನಾಗರಿಕ ಸುರಕ್ಷಾ ಸಂಹಿತೆ, 48ನೇ ಕಲಂ. ಬಂಧನ ಆಗಿದೆ, ಇಂಥ ಕಡೆ ಇಟ್ಟಿದ್ದೇವೆ, ಅಷ್ಟೇ. ನಿನ್ನನ್ನಂತೂ ಬಂಧಿಸಿಯೇ ಇಲ್ಲ! ಸಮಯ, ಜಾಗ, ಗಾಡಿ ನಂಬರ್, ಎದೆ ಮೇಲಿನ ಹೆಸರು ಈಗಲೇ ಬರೆದಿಡು. ದೂರನ್ನು ವಕೀಲರ ಹತ್ತಿರ ಕೂತು ಬರೆಸು. ಇಲ್ಲಾಂದ್ರೆ ದೂರಿನಿಂದಲೇ ಮನೆಗೆ ಗೊತ್ತಾಗಬಹುದು. ಕಾನೂನು ನೆರವಿಗೆ 15100.

ಹೆಸರು ಬೇಡ: ಅಕ್ಕ ಜೊತೆಗಿದ್ದಾಳೆ ಮೇಡಂ.

ಮಂಡ್ಯದವ: ಸಲಿಂಗ ಸಂಬಂಧ ಅಪರಾಧ ಅನ್ನೋ 377ನೇ ಕಲಂ ಇನ್ನೂ ಇದೆಯಲ್ವಾ?

ವಕೀಲೆ: ವಯಸ್ಕರ ಒಪ್ಪಿಗೆಯ ಸಂಬಂಧ 2018ರಿಂದ ಅಪರಾಧವಲ್ಲ.

ಸುಮ್ನೆ ಓದುಗ: 377 ಹಾಕಬಹುದಾ ಮೇಡಂ?

ವಕೀಲೆ: ಮೇಲೆ ಓದಿ.

ಕಾಫಿಪ್ರಿಯ: ವಾಟ್ಸಾಪಲ್ಲಿ ಬಂದಿದ್ದು: ‘ಸ್ಥಳದಲ್ಲೇ ದಂಡ ಕಟ್ಟಿದರೆ ಮನೆಗೆ ಹೇಳಲ್ಲ. ಆಮೇಲೆ ಡಾಕ್ಟರ್ ಹತ್ತಿರ ಹೋದರೆ ಇದು ವಾಸಿಯಾಗುತ್ತೆ.’

ವಕೀಲೆ: ಹೇಳ್ತೀವಿ ಅಂತ ಹೆದರಿಸಿ ದುಡ್ಡು ಕೇಳೋದಕ್ಕೆ ಸುಲಿಗೆ ಅಂತಾರೆ. ಒಮ್ಮೆ ಕೊಟ್ಟರೆ ಮತ್ತೆ ಬರ್ತಾರೆ. ಇನ್ನು ‘ವಾಸಿ’ ಮಾಡುವ ಡಾಕ್ಟರು. ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಇಂಥದ್ದನ್ನು ದಯವಿಟ್ಟು ಇಲ್ಲಿ ತಂದು ಸುರೀಬೇಡಿ.

ಕಾಫಿಪ್ರಿಯ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಪಿಜಿ ವಾಸಿ: ನಮ್ಮ ಪಿಜಿ ಓನರ್ ಊರಿಗೆ ಫೋನ್ ಮಾಡ್ತೀನಿ ಅಂತಿದ್ದಾರೆ. ಇದಕ್ಕೂ ಇದೇ ಕಾನೂನಾ?

ಒಬ್ಬ ತಂದೆ: ಹೆತ್ತವರಿಗೆ ಗೊತ್ತಾದರೆ ತಪ್ಪೇನು? ಸಾಕಿದ್ದು ನಾವಲ್ವಾ?

ಮಲ್ನಾಡ್ ಹುಡುಗಿ: ಹೇಳೋದಿದ್ದರೆ ಮಗ ಹೇಳ್ತಾನೆ ಅಂಕಲ್. ಪೊಲೀಸರಿಗೇನು ಕೆಲಸ?

ಒಬ್ಬ ತಂದೆ: ನಿಮ್ಮ ಮನೆಯಲ್ಲಿ ಆದಾಗ ಗೊತ್ತಾಗುತ್ತೆ.

ಮಲ್ನಾಡ್ ಹುಡುಗಿ: ಆಗಿದೆ. ಅಣ್ಣನನ್ನು ಅಪ್ಪ ಮನೆಯಿಂದ ಆಚೆ ಹಾಕಿದರು.

ಒಬ್ಬ ತಂದೆ: ಸರಿಯಾಗೇ ಮಾಡಿದ್ದಾರೆ.

ಮಲ್ನಾಡ್ ಹುಡುಗಿ: ಥೂ.

ಅಡ್ಮಿನ್: ಮಾತು ಮಿತಿಯಲ್ಲಿರಲಿ.

ಒಬ್ಬ ತಂದೆ: ಶುರು ಮಾಡಿದ್ದು ಯಾರು ಅಂತ ಮೊದಲು ನೋಡಿ ಸ್ವಾಮಿ.