ಸಹಾಯ ಬೇಕು: ಪೊಲೀಸರು ಕೇಳಿದರೆ ಫೋನ್ ತೆರೆಯಲು ಬೆರಳು ಇಡಲೇಬೇಕಾ?

ಗ್ರೂಪ್‌ನಲ್ಲಿ ವಕೀಲರಿದ್ದರೆ ದಯವಿಟ್ಟು ಹೇಳಿ. ನನ್ನ ತಮ್ಮ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ನಡೆದ ಜಗಳದ ಬಗ್ಗೆ ಕೇಳಲು ಠಾಣೆಗೆ ಕರೆದಿದ್ದರು. ಅವನ ಮೇಲೆ ಕೇಸ್ ಇಲ್ಲ. ಆದರೂ ಫೋನ್ ಇಸಿದುಕೊಂಡು ಬೆರಳು ಇಡು ಅಂದರು. ತೊಗರಿ ಮೂಟೆ ಎತ್ತಿ ಎತ್ತಿ ಅವನ ಬೆರಳು ಸವೆದಿವೆ, ಲಾಕ್ ತೆರೆಯಲಿಲ್ಲ. ಹೆಬ್ಬೆರಳು ಒರೆಸಿ ಮತ್ತೆ ಮತ್ತೆ ಒತ್ತಿಸಿದರು. ಕೊನೆಗೆ ಫೋನ್ ಪಿನ್ ಕೇಳಿತು. ಇವನು ಹೇಳಲಿಲ್ಲ. ನಾಳೆ ಮತ್ತೆ ಬರಬೇಕಂತೆ.

ಫೋನ್‌ನಲ್ಲಿ ಬ್ಯಾಂಕ್, ಮನೆಯವರ ಫೋಟೋ ಎಲ್ಲಾ ಇವೆ. ಅದಕ್ಕೇ ಹೆದರಿಕೆ.

ಪರಿಚಯದ ವಕೀಲರು ಸಂವಿಧಾನದ 20(3)ನೇ ವಿಧಿ ಹೇಳಿದರು, ಅಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯ ಮಾಡಬಾರದು ಅನ್ನೋದು. ಆದರೆ ಅದು ಆರೋಪಿಗೆ ಅಲ್ವಾ? ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ಗುರುತು ಹೋಲಿಸುವ ಮಾತು. ಇಲ್ಲಿ ಬೆರಳಿಟ್ಟರೆ ಇಡೀ ಫೋನೇ ತೆರೆದುಕೊಳ್ಳುತ್ತದೆ. ಫೋನ್ ಶೋಧಕ್ಕೆ ತುರ್ತು ಇಲ್ಲದಿದ್ದರೆ ವಾರಂಟ್ ಬೇಕು ಎಂದು 2021ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ ಅಂತಲೂ ಓದಿದೆ.

ನೋಟಿಸ್, ವಾರಂಟ್ ಏನೂ ತೋರಿಸದಿದ್ದರೆ ನಾಳೆ ಇವನು ಬೆರಳು ಇಡಲ್ಲ, ಪಿನ್ ಹೇಳಲ್ಲ ಅನ್ನಬಹುದಾ? ಆರೋಪಿ ಅಲ್ಲದವರಿಗೂ ಅದೇ ನಿಯಮವಾ?